ಪ್ರೋಟೀನಿನ ನಾಲ್ಕು ಹಂತಗಳು

ಕೋಳಿಯ ಮೊಟ್ಟೆಯೊಂದನ್ನು ಒಡೆದು ಬಟ್ಟಲಿಗೆ ಸುರಿದರೆ ಅದರ ಬಿಳಿಯ ಭಾಗವು ತಿಳಿಯಾದ ಲೋಳೆಯಾಗಿ ಹರಡಿಕೊಳ್ಳುತ್ತದೆ. ಇನ್ನೊಂದು ಮೊಟ್ಟೆಯನ್ನು ಹತ್ತು ನಿಮಿಷ ನೀರಿನಲ್ಲಿ ಬೇಯಿಸಿ ಸುಲಿದರೆ ಅದೇ ಲೋಳೆಯು ಬೆಳ್ಳಗೆ, ಗಟ್ಟಿಯಾಗಿ ಕಾಣುತ್ತದೆ. ನಾವು ಅದಕ್ಕೆ ಹೊರಗಿನಿಂದ ಏನನ್ನೂ ಸೇರಿಸಲಿಲ್ಲ. ಅದರಿಂದ ಏನನ್ನೂ ತೆಗೆಯಲೂ ಇಲ್ಲ. ಹಾಗಿದ್ದೂ ವಸ್ತುವಿನ ಗುಣ ಸಂಪೂರ್ಣವಾಗಿ ಬದಲಾಯಿತು. ಬೆಂದ ಮೊಟ್ಟೆಯನ್ನು ಎಷ್ಟು ಹೊತ್ತು ತಣ್ಣಗಿಟ್ಟರೂ ಅದು ಮತ್ತೆ ಲೋಳೆಯಾಗದು. ಇದಕ್ಕೆ ಕಾರಣವೇನು?

ಮೊಟ್ಟೆಯ ಲೋಳೆಯಲ್ಲಿ ನೀರನ್ನು ಬಿಟ್ಟರೆ ಹೆಚ್ಚಾಗಿ ಇರುವುದು ಪ್ರೋಟೀನು. ಶಾಖವು ಬದಲಿಸಿದ್ದು ಆ ಪ್ರೋಟೀನಿನಲ್ಲಿರುವ ವಸ್ತುಗಳನ್ನಲ್ಲ, ಅವು ಮಡಿಚಿಕೊಂಡಿದ್ದ ರೀತಿಯನ್ನು. ಪ್ರೋಟೀನಿನ ವಿಷಯದಲ್ಲಿ ರೂಪವೇ ಗುಣ. ರೂಪ ಕೆಟ್ಟರೆ ಗುಣವೂ ಕೆಡುತ್ತದೆ. ಆ ರೂಪವು ಹೇಗೆ ಉಂಟಾಗುತ್ತದೆ, ಅದರಲ್ಲಿ ಸಣ್ಣದೊಂದು ವ್ಯತ್ಯಾಸವಾದರೆ ಮನುಷ್ಯನ ಬಾಳಿನ ಮೇಲೆ ಏನು ಪರಿಣಾಮವಾಗುತ್ತದೆ ಎಂಬುದನ್ನು ಈಗ ನೋಡೋಣ.

ಪ್ರೋಟೀನು ಎಂದೊಡನೆ ನಮಗೆ ಬೇಳೆಕಾಳು, ಹಾಲು, ಮೊಟ್ಟೆ, ಮೀನುಗಳ ನೆನಪಾಗುತ್ತದೆ. ಆದರೆ ಪ್ರೋಟೀನು ಕೇವಲ ಆಹಾರದ ಒಂದು ಅಂಶವಲ್ಲ. ನಮ್ಮ ಕೂದಲು, ಉಗುರುಗಳು ಪ್ರೋಟೀನಿನಿಂದಾದವು. ರೇಷ್ಮೆಯ ಎಳೆ ಪ್ರೋಟೀನು. ಸ್ನಾಯುಗಳನ್ನು ಕುಗ್ಗಿಸಿ ಹಿಗ್ಗಿಸುವುದು ಪ್ರೋಟೀನು. ಉಂಡ ಅನ್ನವನ್ನು ಅರಗಿಸುವ ಕಿಣ್ವಗಳು, ರಕ್ತದಲ್ಲಿನ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್, ರೋಗಾಣುಗಳೊಡನೆ ಹೋರಾಡುವ ಪ್ರತಿಕಾಯಗಳು, ಆಮ್ಲಜನಕವನ್ನು ಹೊತ್ತು ತಿರುಗುವ ಹೀಮೋಗ್ಲೋಬಿನ್ ಇವೆಲ್ಲವೂ ಪ್ರೋಟೀನುಗಳೇ. 1838ರಲ್ಲಿ ಹಾಲೆಂಡಿನ ರಸಾಯನ ವಿಜ್ಞಾನಿ ಮುಲ್ಡರ್ ಈ ಹೆಸರನ್ನು ಬಳಕೆಗೆ ತಂದನು. ‘ಮೊದಲ ಸ್ಥಾನದ್ದು’ ಎಂಬ ಅರ್ಥದ ಗ್ರೀಕ್ ಪದದಿಂದ ಬಂದ ಈ ಹೆಸರು ಅದಕ್ಕೆ ಚೆನ್ನಾಗಿ ಒಪ್ಪುತ್ತದೆ.

ಇಷ್ಟೊಂದು ಬಗೆಯ ಕೆಲಸಗಳನ್ನು ಮಾಡುವ ಪ್ರೋಟೀನುಗಳೆಲ್ಲ ಮುಖ್ಯವಾಗಿ ಇಪ್ಪತ್ತೇ ಬಗೆಯ ಘಟಕಗಳಿಂದ ಆಗಿವೆ ಎಂಬುದು ಆಶ್ಚರ್ಯದ ಸಂಗತಿ. ಈ ಘಟಕಗಳಿಗೆ ಅಮೈನೋ ಆಮ್ಲಗಳೆಂದು ಹೆಸರು. ಪ್ರತಿಯೊಂದು ಅಮೈನೋ ಆಮ್ಲದ ನಡುವೆ ಇಂಗಾಲದ ಒಂದು ಪರಮಾಣು ಇರುತ್ತದೆ. ಇಂಗಾಲಕ್ಕೆ ನಾಲ್ಕು ಕೈಗಳಿವೆ ಎಂದು ಭಾವಿಸಿರಿ. ಒಂದು ಕೈಯಲ್ಲಿ ಸಾರಜನಕವುಳ್ಳ ಅಮೈನೋ ಗುಂಪು, ಮತ್ತೊಂದರಲ್ಲಿ ಆಮ್ಲಗುಣವುಳ್ಳ ಕಾರ್ಬಾಕ್ಸಿಲ್ ಗುಂಪು, ಮೂರನೆಯದರಲ್ಲಿ ಜಲಜನಕ. ಇವು ಎಲ್ಲದರಲ್ಲಿಯೂ ಸಮಾನ. ನಾಲ್ಕನೆಯ ಕೈಯಲ್ಲಿರುವ ಪಾರ್ಶ್ವಗುಂಪು ಮಾತ್ರ ಒಂದೊಂದರಲ್ಲಿ ಒಂದೊಂದು ಬಗೆ. ಗ್ಲೈಸೀನಿನಲ್ಲಿ ಅದು ಕೇವಲ ಒಂದು ಜಲಜನಕ. ಬೇರೆ ಕೆಲವದರಲ್ಲಿ ದೊಡ್ಡ ಉಂಗುರ. ಕೆಲವು ಪಾರ್ಶ್ವಗುಂಪುಗಳು ನೀರಿನೊಡನೆ ಸುಲಭವಾಗಿ ಬೆರೆಯುತ್ತವೆ; ಕೆಲವು ಎಣ್ಣೆಯಂತೆ ನೀರನ್ನು ಒಲ್ಲವು. ಈ ಸ್ವಭಾವಭೇದವನ್ನು ನೆನಪಿನಲ್ಲಿಡಿ. ಮುಂದಿನ ಕಥೆಯೆಲ್ಲ ಇದರ ಮೇಲೆಯೇ ನಿಂತಿದೆ.

ಒಂದು ಅಮೈನೋ ಆಮ್ಲದ ಕಾರ್ಬಾಕ್ಸಿಲ್ ಗುಂಪು ಇನ್ನೊಂದರ ಅಮೈನೋ ಗುಂಪಿನೊಡನೆ ಕೂಡಿದಾಗ ನೀರಿನ ಒಂದು ಅಣು ಹೊರಬಿದ್ದು ಅವೆರಡೂ ಬೆಸೆದುಕೊಳ್ಳುತ್ತವೆ. ಈ ಬೆಸುಗೆಯೇ ಪೆಪ್ಟೈಡ್ ಬಂಧ. ಹೀಗೆ ಒಂದಕ್ಕೊಂದು ಸೇರುತ್ತ ಹೋದರೆ ನೂರಾರು ಅಮೈನೋ ಆಮ್ಲಗಳ ಉದ್ದನೆಯ ಸರವಾಗುತ್ತದೆ. ಆದರೆ ಸರವು ಸರವಾಗಿಯೇ ಉಳಿಯುವುದಿಲ್ಲ. ಅದು ಸುತ್ತಿಕೊಳ್ಳುತ್ತದೆ, ಮಡಿಚಿಕೊಳ್ಳುತ್ತದೆ, ಬೇರೆ ಸರಗಳೊಡನೆ ಕೂಡಿಕೊಳ್ಳುತ್ತದೆ. ಇದನ್ನು ಕ್ರಮವಾಗಿ ತಿಳಿಯುವುದಕ್ಕಾಗಿ ಡೆನ್ಮಾರ್ಕಿನ ಲಿಂಡರ್‌ಸ್ಟ್ರಾಮ್-ಲಾಂಗ್ ಎಂಬ ವಿಜ್ಞಾನಿ 1951ರ ತನ್ನ ಉಪನ್ಯಾಸಗಳಲ್ಲಿ ಪ್ರಾಥಮಿಕ, ದ್ವಿತೀಯಕ, ತೃತೀಯಕ ಎಂಬ ಮೂರು ಹಂತಗಳನ್ನು ಸೂಚಿಸಿದನು. ಬ್ರಿಟನ್ನಿನ ಬರ್ನಾಲ್ 1958ರಲ್ಲಿ ಚತುರ್ಥಕವೆಂಬ ನಾಲ್ಕನೆಯ ಹಂತವನ್ನು ಸೇರಿಸಿದನು. ಇಂದಿಗೂ ಈ ವಿಂಗಡಣೆಯೇ ಬಳಕೆಯಲ್ಲಿದೆ.

ಸರದಲ್ಲಿ ಯಾವ ಅಮೈನೋ ಆಮ್ಲದ ಮುಂದೆ ಯಾವುದು ಬರುತ್ತದೆ ಎಂಬ ಅನುಕ್ರಮವೇ ಪ್ರಾಥಮಿಕ ರಚನೆ. ನಮ್ಮ ವರ್ಣಮಾಲೆಯ ಕೆಲವೇ ಅಕ್ಷರಗಳಿಂದ ಲಕ್ಷಾಂತರ ಪದಗಳಾಗುವುದಿಲ್ಲವೆ? ಹಾಗೆಯೇ ಇಪ್ಪತ್ತು ಅಮೈನೋ ಆಮ್ಲಗಳಿಂದ ಲೆಕ್ಕವಿಲ್ಲದಷ್ಟು ಪ್ರೋಟೀನುಗಳಾಗಬಲ್ಲವು. ಕೇವಲ ಮೂರು ಅಮೈನೋ ಆಮ್ಲಗಳ ಸರವನ್ನೇ 8,000 ವಿಧಗಳಲ್ಲಿ ಪೋಣಿಸಬಹುದು. ಸರದ ಉದ್ದ ನೂರಾದರೆ ಆ ಸಂಖ್ಯೆಯನ್ನು ಬರೆಯಲು 131 ಅಂಕಿಗಳು ಬೇಕು!

ಪ್ರತಿ ಪ್ರೋಟೀನಿಗೂ ಅದರದೇ ಆದ ಖಚಿತ ಅನುಕ್ರಮವಿದೆ ಎಂಬುದನ್ನು ಮೊದಲು ತೋರಿಸಿಕೊಟ್ಟವನು ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರ್. ಅವನು ಆರಿಸಿಕೊಂಡದ್ದು ದನದ ಇನ್ಸುಲಿನನ್ನು. ಸರವನ್ನು ಆಮ್ಲ ಮತ್ತು ಕಿಣ್ವಗಳಿಂದ ತುಂಡು ತುಂಡಾಗಿ ಕತ್ತರಿಸಿ, ತುಂಡುಗಳ ತುದಿಗೆ ಹಳದಿ ಬಣ್ಣ ಕೊಡುವ ರಾಸಾಯನಿಕವನ್ನು ಅಂಟಿಸಿ, ತುದಿಯಲ್ಲಿರುವ ಅಮೈನೋ ಆಮ್ಲ ಯಾವುದೆಂದು ಗುರುತಿಸುತ್ತ ಹೋದನು. ಹರಿದ ಓಲೆಯ ಚೂರುಗಳನ್ನು ಹೊಂದಿಸಿ ಓದುವಂತಹ ಕೆಲಸವದು. ಸುಮಾರು ಹತ್ತು ವರ್ಷಗಳ ದುಡಿಮೆಯ ತರುವಾಯ 1955ರ ವೇಳೆಗೆ ಇನ್ಸುಲಿನ್ನಿನ 51 ಅಮೈನೋ ಆಮ್ಲಗಳ ಅನುಕ್ರಮ ಪೂರ್ಣವಾಗಿ ತಿಳಿಯಿತು. ಒಂದು ಸರದಲ್ಲಿ 21, ಇನ್ನೊಂದರಲ್ಲಿ 30. ಎರಡನ್ನೂ ಗಂಧಕದ ಸೇತುವೆಗಳು ಹಿಡಿದಿವೆ. 1958ರಲ್ಲಿ ಸ್ಯಾಂಗರನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಅನುಕ್ರಮ ತಿಳಿದದ್ದರಿಂದಲೇ ಮುಂದೆ ಮಾನವ ಇನ್ಸುಲಿನನ್ನು ಬ್ಯಾಕ್ಟೀರಿಯಗಳಲ್ಲಿ ತಯಾರಿಸಲು ಸಾಧ್ಯವಾಗಿ, 1982ರಿಂದ ಅದು ಮಧುಮೇಹಿಗಳಿಗೆ ಔಷಧವಾಗಿ ದೊರೆಯತೊಡಗಿತು.

ಎರಡನೆಯದು ದ್ವಿತೀಯಕ ರಚನೆ. ಸರದ ಹತ್ತಿರಹತ್ತಿರದ ಭಾಗಗಳು ಒಂದು ನಿಯಮಕ್ಕೆ ಒಳಪಟ್ಟು ಸುತ್ತಿಕೊಳ್ಳುವುದೋ ಪಕ್ಕಪಕ್ಕದಲ್ಲಿ ಸಾಲುಗೊಳ್ಳುವುದೋ ಇಲ್ಲಿ ಕಾಣುತ್ತದೆ. ಅಮೆರಿಕದ ಲೈನಸ್ ಪಾಲಿಂಗ್ 1948ರಲ್ಲಿ ಆಕ್ಸ್‌ಫರ್ಡಿಗೆ ಹೋಗಿದ್ದಾಗ ನೆಗಡಿಯಿಂದ ಹಾಸಿಗೆ ಹಿಡಿದಿದ್ದನು. ಹೊತ್ತು ಕಳೆಯಲೆಂದು ಕಾಗದದ ಮೇಲೆ ಪೆಪ್ಟೈಡ್ ಸರದ ಚಿತ್ರ ಬರೆದು, ಕಾಗದವನ್ನು ಮಡಿಚಿ ಸುತ್ತುತ್ತಿದ್ದಂತೆ ಅದು ಸುರುಳಿಯಾಗಬಲ್ಲುದೆಂದು ಹೊಳೆಯಿತು. ಸಂಗಡಿಗರಾದ ಕೋರಿ ಮತ್ತು ಬ್ರಾನ್ಸನರೊಡನೆ ಅವನು ಇದನ್ನು 1951ರಲ್ಲಿ ಪ್ರಕಟಿಸಿದನು. ಇದೇ ಆಲ್ಫಾ ಸುರುಳಿ. ಇದರ ಒಂದೊಂದು ಸುತ್ತಿಗೂ ಸರಾಸರಿ 3.6 ಅಮೈನೋ ಆಮ್ಲಗಳು. ಸುತ್ತಿನಿಂದ ಸುತ್ತಿಗೆ ಹೆಣೆದಿರುವ ಜಲಜನಕ ಬಂಧಗಳು ಸುರುಳಿ ಬಿಚ್ಚಿಹೋಗದಂತೆ ಹಿಡಿದಿಡುತ್ತವೆ. ಒಂದೊಂದು ಬಂಧವೂ ದುರ್ಬಲ. ಆದರೆ ಅನೇಕ ಬಂಧಗಳು ಕೂಡಿದಾಗ ಬಲ ಬರುತ್ತದೆ. ಸರಗಳು ಅಕ್ಕಪಕ್ಕದಲ್ಲಿ ಮಲಗಿ ಜಲಜನಕ ಬಂಧಗಳಿಂದ ಹೆಣೆದುಕೊಂಡರೆ ಅದು ಬೀಟಾ ಹಾಳೆ. ಕೂದಲು, ಉಣ್ಣೆಗಳಲ್ಲಿ ಸುರುಳಿ ಹೆಚ್ಚು. ಆದ್ದರಿಂದ ಉಣ್ಣೆಯನ್ನು ಎಳೆದರೆ ಹಿಗ್ಗುತ್ತದೆ. ರೇಷ್ಮೆಯಲ್ಲಿ ಬೀಟಾ ಹಾಳೆ ಹೆಚ್ಚು. ಆದ್ದರಿಂದ ಅದರ ಎಳೆ ನಯವಾಗಿದ್ದರೂ ಗಟ್ಟಿ, ಉಣ್ಣೆಯಷ್ಟು ಹಿಗ್ಗದು.

ಈ ಅಧ್ಯಯನದಲ್ಲಿ ಭಾರತೀಯರ ಪಾಲು ಸಣ್ಣದಲ್ಲ. ಕೇರಳದ ಎರ್ನಾಕುಳಂನಲ್ಲಿ 1922ರಲ್ಲಿ ಜನಿಸಿದ ಜಿ. ಎನ್. ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ವಿದ್ಯುತ್ ಇಂಜಿನಿಯರಿಂಗ್ ಕಲಿಯಲು ಬಂದು, ಸಿ. ವಿ. ರಾಮನ್ನರ ಶಿಷ್ಯರಾಗಿ ಭೌತವಿಜ್ಞಾನದ ಕಡೆಗೆ ತಿರುಗಿದರು. ಮುಂದೆ ಮದರಾಸು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದಾಗ ಗೋಪಿನಾಥ ಕರ್ತ ಅವರೊಡನೆ ಕೊಲಾಜೆನ್ ಎಂಬ ಪ್ರೋಟೀನನ್ನು ಕ್ಷ-ಕಿರಣಗಳ ನೆರವಿನಿಂದ ಅಭ್ಯಸಿಸಿದರು. ಚರ್ಮ, ಮೂಳೆ, ಸ್ನಾಯುಬಂಧಗಳಿಗೆ ಬಲ ಕೊಡುವುದು ಈ ಕೊಲಾಜೆನ್. ಮೂರು ಸರಗಳು ಹಗ್ಗ ಹೊಸೆದಂತೆ ಒಂದನ್ನೊಂದು ಸುತ್ತಿ ಮುಪ್ಪುರಿಯಾಗಿವೆ ಎಂದು ಅವರು 1954–55ರಲ್ಲಿ ತೋರಿಸಿದರು. ಮುಪ್ಪುರಿಯ ನಡುವೆ ಎಡೆ ಬಹಳ ಕಿರಿದು. ಆದುದರಿಂದ ಪ್ರತಿ ಮೂರನೆಯ ಸ್ಥಾನದಲ್ಲಿ ಎಲ್ಲಕ್ಕಿಂತ ಚಿಕ್ಕದಾದ ಗ್ಲೈಸೀನೇ ಇರುತ್ತದೆ. 1963ರಲ್ಲಿ ರಾಮಕೃಷ್ಣನ್ ಮತ್ತು ಶಶಿಶೇಖರನ್ ಅವರೊಡನೆ ಸೇರಿ ರಾಮಚಂದ್ರನ್, ಪೆಪ್ಟೈಡ್ ಸರವು ಯಾವ ಕೋನಗಳಲ್ಲಿ ತಿರುಗಬಹುದು, ಯಾವ ಕೋನಗಳಲ್ಲಿ ತಿರುಗಿದರೆ ಪರಮಾಣುಗಳು ಒಂದಕ್ಕೊಂದು ತಾಕುತ್ತವೆ ಎಂಬುದನ್ನು ಲೆಕ್ಕಹಾಕಿ ಒಂದು ನಕ್ಷೆಯಲ್ಲಿ ತೋರಿಸಿದರು. ‘ರಾಮಚಂದ್ರನ್ ನಕ್ಷೆ’ ಎಂದು ಹೆಸರಾದ ಅದನ್ನು ಪ್ರೋಟೀನಿನ ರಚನೆ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಪ್ರಪಂಚದ ಪ್ರಯೋಗಶಾಲೆಗಳು ಇಂದಿಗೂ ಬಳಸುತ್ತವೆ. 1970ರ ದಶಕದ ಆರಂಭದಲ್ಲಿ ಅವರು ತಾವು ಕಲಿತ ಬೆಂಗಳೂರಿನ ಸಂಸ್ಥೆಗೇ ಮರಳಿ, ಅಲ್ಲಿ ಅಣುಗಳ ಮಟ್ಟದ ಜೀವಭೌತವಿಜ್ಞಾನಕ್ಕೆ ಮೀಸಲಾದ ವಿಭಾಗವನ್ನು ಕಟ್ಟಿದರು.

ಸುರುಳಿಗಳೂ ಹಾಳೆಗಳೂ ಉಳ್ಳ ಸರವು ಇಡಿಯಾಗಿ ಮಡಿಚಿಕೊಂಡು ಪಡೆಯುವ ಘನರೂಪವೇ ತೃತೀಯಕ ರಚನೆ. ಅಮೈನೋ ಆಮ್ಲಗಳ ಸ್ವಭಾವಭೇದ ಇಲ್ಲಿ ಕೆಲಸಕ್ಕೆ ಬರುತ್ತದೆ. ಜೀವಕೋಶದಲ್ಲಿ ಎಲ್ಲೆಲ್ಲಿಯೂ ನೀರು. ನೀರನ್ನು ಒಲ್ಲದ ಪಾರ್ಶ್ವಗುಂಪುಗಳು ನೀರಿನಿಂದ ತಪ್ಪಿಸಿಕೊಂಡು ಒಳಗಡೆ ಒತ್ತಾಗಿ ಸೇರುತ್ತವೆ. ನೀರನ್ನು ಬಯಸುವ ಗುಂಪುಗಳು ಹೊರಗಡೆ ಉಳಿಯುತ್ತವೆ. ಹೀಗೆ ಸರವು ಉಂಡೆಯಾಗುತ್ತದೆ. ಆದರೆ ಅದು ಸಿಕ್ಕುಸಿಕ್ಕಾದ ನೂಲಿನ ಉಂಡೆಯಲ್ಲ. ಒಂದು ಪ್ರೋಟೀನಿನ ಸರಗಳೆಲ್ಲ ಬಹುಮಟ್ಟಿಗೆ ಒಂದೇ ರೀತಿಯಾಗಿ ಮಡಿಚಿಕೊಳ್ಳುತ್ತವೆ. ಮಡಿಕೆಗಳ ನಡುವೆ ಉಂಟಾಗುವ ಹಳ್ಳದಲ್ಲಿ ಕಿಣ್ವವು ತನ್ನ ಕೆಲಸಕ್ಕೆ ಬೇಕಾದ ಅಣುವನ್ನು ಬೀಗವು ಬೀಗದಕೈಯನ್ನು ಹಿಡಿಯುವಂತೆ ಹಿಡಿಯುತ್ತದೆ. ಇಂತಹ ಘನರೂಪವನ್ನು ಮೊದಲು ಕಂಡವನು ಕೇಂಬ್ರಿಜಿನ ಜಾನ್ ಕೆಂಡ್ರೂ. ತಿಮಿಂಗಿಲದ ಸ್ನಾಯುವಿನಿಂದ ತೆಗೆದ, 153 ಅಮೈನೋ ಆಮ್ಲಗಳುಳ್ಳ ಮಯೋಗ್ಲೋಬಿನ್ನಿನ ರೂಪವನ್ನು 1958ರಲ್ಲಿ ಅವನ ತಂಡ ಪ್ರಕಟಿಸಿತು.

ಸರಕ್ಕೆ ಹೀಗೆಯೇ ಮಡಿಚಿಕೊಳ್ಳಬೇಕೆಂದು ಹೇಳಿಕೊಡುವವರು ಯಾರು? ಈ ಪ್ರಶ್ನೆಗೆ ಉತ್ತರ ಹುಡುಕಿದವನು ಅಮೆರಿಕದ ಆನ್‌ಫಿನ್ಸೆನ್. ಅವನು 124 ಅಮೈನೋ ಆಮ್ಲಗಳುಳ್ಳ ಒಂದು ಕಿಣ್ವವನ್ನು ತೆಗೆದುಕೊಂಡು, ಯೂರಿಯ ಮೊದಲಾದ ರಾಸಾಯನಿಕಗಳಿಂದ ಅದರ ಮಡಿಕೆಗಳನ್ನೆಲ್ಲ ಬಿಚ್ಚಿದನು. ಕಿಣ್ವವು ಕೆಲಸ ನಿಲ್ಲಿಸಿತು. ರಾಸಾಯನಿಕಗಳನ್ನು ಮೆಲ್ಲಗೆ ತೆಗೆದಾಗ ಸರವು ತಾನಾಗಿಯೇ ಹಿಂದಿನಂತೆ ಮಡಿಚಿಕೊಂಡು ಮತ್ತೆ ಕೆಲಸಕ್ಕೆ ತೊಡಗಿತು. ರೂಪಕ್ಕೆ ಬೇಕಾದ ಸೂಚನೆಯೆಲ್ಲ ಅನುಕ್ರಮದಲ್ಲಿಯೇ ಅಡಗಿದೆ ಎಂಬುದು ಇದರಿಂದ ಸಿದ್ಧವಾಯಿತು. ಈ ಕೆಲಸಕ್ಕಾಗಿ 1972ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಹಾಗಾದರೆ ಬೆಂದ ಮೊಟ್ಟೆ ಏಕೆ ಹಿಂದಿನಂತಾಗದು? ಅಲ್ಲಿ ಬಿಚ್ಚಿಕೊಂಡ ಅಸಂಖ್ಯ ಸರಗಳು ಒತ್ತೊತ್ತಾಗಿದ್ದು ಒಂದರೊಡನೊಂದು ಸಿಕ್ಕಿಹಾಕಿಕೊಂಡುಬಿಡುತ್ತವೆ. ತನ್ನ ಪಾಡಿಗೆ ತಾನು ಮಡಿಚಿಕೊಳ್ಳಲು ಯಾವುದಕ್ಕೂ ಎಡೆಯೇ ಉಳಿಯುವುದಿಲ್ಲ.

ಕೊನೆಯದು ಚತುರ್ಥಕ ರಚನೆ. ಮಡಿಚಿಕೊಂಡ ಹಲವು ಸರಗಳು ಒಟ್ಟುಗೂಡಿ ಒಂದೇ ಪ್ರೋಟೀನಾಗಿ ದುಡಿಯುವುದೇ ಈ ಹಂತ. ಎಲ್ಲ ಪ್ರೋಟೀನುಗಳಿಗೂ ಇದು ಇರುವುದಿಲ್ಲ. ಮಯೋಗ್ಲೋಬಿನ್ನಿಗೆ ಒಂದೇ ಸರ. ಹೀಮೋಗ್ಲೋಬಿನ್ನಿಗಾದರೋ ನಾಲ್ಕು: 141 ಅಮೈನೋ ಆಮ್ಲಗಳ ಎರಡು ಆಲ್ಫಾ ಸರಗಳು, 146ರ ಎರಡು ಬೀಟಾ ಸರಗಳು. ಒಂದೊಂದು ಸರವೂ ಕಬ್ಬಿಣದ ಒಂದು ಪರಮಾಣುವಿನ ನೆರವಿನಿಂದ ಆಮ್ಲಜನಕದ ಒಂದು ಅಣುವನ್ನು ಹೊರುತ್ತದೆ. ಒಂದು ಸರವು ಆಮ್ಲಜನಕವನ್ನು ಹಿಡಿದಾಗ ಉಳಿದ ಸರಗಳಿಗೂ ಹಿಡಿಯುವುದು ಸುಲಭವಾಗುವಂತೆ ಇಡೀ ಜೋಡಣೆ ತುಸು ಹೊರಳುತ್ತದೆ. ನೊಗಕ್ಕೆ ಹೂಡಿದ ಜೋಡೆತ್ತುಗಳಂತೆ ಅವು ಒಂದರ ನಡೆಗೆ ಒಂದು ಹೊಂದಿಕೊಳ್ಳುತ್ತವೆ. ಇದರ ರಚನೆಯನ್ನು ಬಿಡಿಸಲು ಮ್ಯಾಕ್ಸ್ ಪೆರೂಟ್ಸ್ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ದುಡಿದನು. 1962ರ ನೊಬೆಲ್ ಪಾರಿತೋಷಕವನ್ನು ಅವನೂ ಕೆಂಡ್ರೂವೂ ಹಂಚಿಕೊಂಡರು.

ಈ ನಾಲ್ಕು ಹಂತಗಳೂ ಒಂದಕ್ಕೊಂದು ಹೇಗೆ ಕೊಂಡಿಯಾಗಿವೆ ಎಂಬುದನ್ನು ಒಂದು ರೋಗವು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ‘ಹಾಲು’ ಎಂಬ ಪದದಲ್ಲಿ ಒಂದು ಅಕ್ಷರ ಬದಲಾದರೆ ‘ಹಾಳು’ ಆಗುತ್ತದೆ. ಹೀಮೋಗ್ಲೋಬಿನ್ನಿನ ಬೀಟಾ ಸರದಲ್ಲಿಯೂ ಅಂಥದೊಂದು ಬದಲಾವಣೆಯುಂಟು. ಆರನೆಯ ಸ್ಥಾನದಲ್ಲಿರಬೇಕಾದುದು ನೀರನ್ನು ಬಯಸುವ ಗ್ಲುಟಾಮಿಕ್ ಆಮ್ಲ. ಕೆಲವರಲ್ಲಿ ಆ ಸ್ಥಾನಕ್ಕೆ ನೀರನ್ನು ಒಲ್ಲದ ವ್ಯಾಲೀನ್ ಬಂದಿರುತ್ತದೆ. ಉಳಿದ 145 ಸ್ಥಾನಗಳೂ ಸರಿಯಾಗಿಯೇ ಇರುತ್ತವೆ. ಆದರೆ ಹೀಮೋಗ್ಲೋಬಿನ್ ತನ್ನ ಆಮ್ಲಜನಕವನ್ನು ಇಳಿಸಿದ ಮೇಲೆ, ಹೊರಮೈಯಲ್ಲಿರುವ ಆ ವ್ಯಾಲೀನ್ ನೆರೆಯ ಅಣುವಿನ ಒಂದು ಹಳ್ಳಕ್ಕೆ ಹೊಕ್ಕು ಅಂಟಿಕೊಳ್ಳುತ್ತದೆ. ಹೀಗೆ ಅಣುವಿಗೆ ಅಣು ಅಂಟಿ ಉದ್ದನೆಯ ಸಲಾಕೆಗಳಾಗುತ್ತವೆ. ದುಂಡಗೆ ಬಳುಕುತ್ತಿದ್ದ ಕೆಂಪು ರಕ್ತಕಣವು ಸೆಡೆತು ಕುಡುಗೋಲಿನಂತೆ ಬಾಗುತ್ತದೆ. ಅಂತಹ ಕಣಗಳು ಕಿರಿದಾದ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ರಕ್ತದ ಹರಿವನ್ನು ತಡೆಯುತ್ತವೆ. ರೋಗಿಗೆ ಕೈಕಾಲು, ಎದೆ, ಬೆನ್ನುಗಳಲ್ಲಿ ತಡೆಯಲಾಗದ ನೋವು. ಆರೋಗ್ಯವಂತ ಕಣವು ಸುಮಾರು 120 ದಿನ ಬಾಳಿದರೆ ಕುಡುಗೋಲು ಕಣವು 10–20 ದಿನಗಳಲ್ಲಿಯೇ ಸಾಯುತ್ತದೆ, ಆದುದರಿಂದ ರಕ್ತಹೀನತೆ. ಇದೇ ಕುಡುಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್ ಅನೀಮಿಯಾ. ಇದು ಹೀಮೋಗ್ಲೋಬಿನ್ ಅಣುವಿನ ದೋಷದಿಂದ ಬರುವ ರೋಗವೆಂದು 1949ರಲ್ಲಿ ಪಾಲಿಂಗನ ತಂಡ ತೋರಿಸಿತು. ದೋಷವು ಒಂದೇ ಅಮೈನೋ ಆಮ್ಲದ್ದು ಎಂಬುದನ್ನು ವರ್ನನ್ ಇಂಗ್ರಾಮ್ 1956–57ರಲ್ಲಿ ಕಂಡುಹಿಡಿದನು.

ಅನುಕ್ರಮದ ಪ್ರತಿಯೊಂದು ಬದಲಾವಣೆಯೂ ಹೀಗೆ ಘಾತಕವಾಗುವುದಿಲ್ಲ. ದನದ ಇನ್ಸುಲಿನ್ ಮಾನವ ಇನ್ಸುಲಿನ್ನಿಗಿಂತ ಮೂರು ಸ್ಥಾನಗಳಲ್ಲಿ ಬೇರೆಯಾಗಿದ್ದರೂ ಹಲವು ದಶಕಗಳ ಕಾಲ ಅದು ಮಧುಮೇಹಿಗಳ ಪ್ರಾಣ ಉಳಿಸಿತು. ಬದಲಾದುದು ಎಷ್ಟು ಎಂಬುದಕ್ಕಿಂತ ಎಲ್ಲಿ, ಅದರಿಂದ ರೂಪಕ್ಕೆ ಏನಾಯಿತು ಎಂಬುದು ಮುಖ್ಯ.

ಕುಡುಗೋಲು ಕಣದ ದೋಷ ಭಾರತದಲ್ಲಿಯೂ ಇದೆ ಎಂಬುದು ನೀಲಗಿರಿಯ ಬುಡಕಟ್ಟು ಜನರಲ್ಲಿ ನಡೆದ ರಕ್ತಪರೀಕ್ಷೆಗಳಿಂದ 1952ರಲ್ಲಿ ತಿಳಿದುಬಂದಿತು. ಇದು ಅಂಟುರೋಗವಲ್ಲ, ಯಾರ ತಪ್ಪಿನಿಂದಲೂ ಬಂದುದಲ್ಲ. ತಂದೆತಾಯಿಗಳಿಬ್ಬರಿಂದಲೂ ದೋಷವುಳ್ಳ ಜೀನು ಬಂದರೆ ಮಾತ್ರ ಮಗುವಿಗೆ ಈ ರೋಗ. ಒಬ್ಬರಿಂದ ಮಾತ್ರ ಬಂದರೆ ಮಗು ವಾಹಕ. ವಾಹಕರು ಸಾಮಾನ್ಯವಾಗಿ ಆರೋಗ್ಯವಂತರು. ಅಷ್ಟೇ ಅಲ್ಲ, ಮಲೇರಿಯದ ಹೊಡೆತವನ್ನು ಇತರರಿಗಿಂತ ಚೆನ್ನಾಗಿ ತಡೆಯಬಲ್ಲರು. ಆದರೆ ಇಬ್ಬರು ವಾಹಕರು ಮದುವೆಯಾದರೆ ಅವರ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಅಭಿಯಾನವು 2047ರೊಳಗೆ ಈ ರೋಗವನ್ನು ನಿರ್ಮೂಲ ಮಾಡುವ ಗುರಿಯಿಟ್ಟುಕೊಂಡಿದೆ. ಅದು ಕೈಗೊಂಡ 17 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮದುವೆಗೆ ಮೊದಲೇ ಒಂದು ಸಣ್ಣ ರಕ್ತಪರೀಕ್ಷೆ ಮಾಡಿಸಿಕೊಂಡರೆ ಮುಂದಿನ ಪೀಳಿಗೆಯ ನೋವನ್ನು ತಪ್ಪಿಸಬಹುದು. ಅಣುವಿನ ಅಧ್ಯಯನವು ಮನೆಮನೆಯ ನೆಮ್ಮದಿಗೆ ನೆರವಾಗುವುದು ಹೀಗೆ.

ಒಂದು ಪ್ರೋಟೀನಿನ ರೂಪ ತಿಳಿಯಲು ಪೆರೂಟ್ಸನಿಗೆ ಅರ್ಧ ಆಯುಷ್ಯ ಬೇಕಾಯಿತು. ಇಂದು ಅನುಕ್ರಮವನ್ನು ಕೊಟ್ಟರೆ ಅನೇಕ ಪ್ರೋಟೀನುಗಳ ರೂಪವನ್ನು ಗಣಕಯಂತ್ರವು ಊಹಿಸಬಲ್ಲುದು. ಅಂತಹ ಕ್ರಮವನ್ನು ರೂಪಿಸಿದ ಹಸಾಬಿಸ್ ಮತ್ತು ಜಂಪರ್, ಹೊಸ ಪ್ರೋಟೀನುಗಳನ್ನೇ ರಚಿಸುವ ಮಾರ್ಗ ತೋರಿದ ಬೇಕರ್ ಇವರಿಗೆ 2024ರ ರಸಾಯನ ವಿಜ್ಞಾನದ ನೊಬೆಲ್ ಪಾರಿತೋಷಕ ಸಂದಿತು. ಆದರೂ ಸರವು ಹೆಜ್ಜೆಹೆಜ್ಜೆಯಾಗಿ ಮಡಿಚಿಕೊಳ್ಳುವ ಬಗೆ ಇನ್ನೂ ಪೂರ್ತಿಯಾಗಿ ಬಿಡಿಸದ ಒಗಟು. ಸ್ಯಾಂಗರ್, ಪಾಲಿಂಗ್, ರಾಮಚಂದ್ರನ್, ಪೆರೂಟ್ಸ್ ಇವರೆಲ್ಲರೂ ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಎಳೆ ಹಿಡಿದು ಮುಂದುವರಿದವರು. ಆ ಎಳೆಯ ಮುಂದಿನ ತುದಿ ಹಿಡಿಯುವ ಕೈಗಳಿಗಾಗಿ ವಿಜ್ಞಾನವು ಕಾದಿದೆ.

ಪದಗಳ ಅರ್ಥ

ಅನುಕ್ರಮ – ಒಂದರ ನಂತರ ಒಂದು ಬರುವ ಕ್ರಮ
ಎಡೆ – ಸ್ಥಳ, ಅವಕಾಶ
ಘಾತಕ – ಕೇಡು ಮಾಡುವಂಥದು
ಪಾರಿತೋಷಕ – ಬಹುಮಾನ
ಮುಪ್ಪುರಿ – ಮೂರು ಎಳೆಗಳನ್ನು ಹೊಸೆದದ್ದು
ವಾಹಕ – ರೋಗದ ಜೀನನ್ನು ಹೊತ್ತಿದ್ದೂ ರೋಗವಿಲ್ಲದವನು

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಪೆಪ್ಟೈಡ್ ಬಂಧ ಎಂದರೇನು?
2. ಚತುರ್ಥಕ ರಚನೆ ಎಂಬ ಹಂತವನ್ನು ಸೂಚಿಸಿದವರು ಯಾರು?
3. ಕೊಲಾಜೆನ್ನಿನ ಪ್ರತಿ ಮೂರನೆಯ ಸ್ಥಾನದಲ್ಲಿ ಗ್ಲೈಸೀನೇ ಇರುವುದೇಕೆ?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಉಣ್ಣೆಗೂ ರೇಷ್ಮೆಗೂ ಇರುವ ಗುಣಭೇದಕ್ಕೆ ಕಾರಣವೇನು?
2. ಆನ್‌ಫಿನ್ಸೆನ್ನನ ಪ್ರಯೋಗವನ್ನು ವಿವರಿಸಿ, ಬೆಂದ ಮೊಟ್ಟೆ ಹಿಂದಿನಂತಾಗದಿರುವುದಕ್ಕೆ ಕಾರಣ ಕೊಡಿರಿ.
3. ‘ಪ್ರೋಟೀನಿನ ವಿಷಯದಲ್ಲಿ ರೂಪವೇ ಗುಣ.’ ಕುಡುಗೋಲು ಕಣ ರಕ್ತಹೀನತೆಯ ಉದಾಹರಣೆಯಿಂದ ಈ ಮಾತನ್ನು ಸಮರ್ಥಿಸಿರಿ.

ಇ. ಮಾಡಿ ನೋಡಿರಿ.
ಒಂದು ಉದ್ದನೆಯ ದಾರಕ್ಕೆ ಬೇರೆ ಬೇರೆ ಬಣ್ಣದ ಮಣಿಗಳನ್ನು ಪೋಣಿಸಿ, ಕೆಂಪು ಮಣಿಗಳೆಲ್ಲ ಒಳಗೆ ಬರುವಂತೆ ಮಡಿಚಿರಿ. ಹೊರಗಿನ ಒಂದು ಮಣಿಯನ್ನು ತೆಗೆದು ಕೆಂಪು ಮಣಿಯನ್ನು ಹಾಕಿದರೆ ಮಡಿಕೆಯನ್ನು ಹೇಗೆ ಬದಲಿಸಬೇಕಾಗುತ್ತದೆ ಎಂಬುದನ್ನು ಗಮನಿಸಿ ಬರೆಯಿರಿ.